ಬಡಿಸಿದ ಎಲೆ

ಭೇರ್ಯ

ಮೊಮ್ಮಗಳು ರೂಪಶ್ರೀಗೆ,

ಫೋನ್ ಎತ್ತೋಕೆ ಬೆರಳು ನೋಯೋ ಡಾಕ್ಟ್ರಮ್ಮ, ಈ ಕಾಗದನಾದ್ರೂ ಮೊಬೈಲು ಪಕ್ಕಕ್ಕಿಟ್ಟು ಪೂರ್ತಿ ಓದು.

ಎಂಬಿಬಿಎಸ್ ಆದ್ಮೇಲೆ ಸೀಟು ಹಂಚೋ ಕೊನೆ ಸುತ್ತಿನಲ್ಲಿ ನಿನಗೆ ಮಕ್ಕಳ ಡಾಕ್ಟರ್ ಓದೋ ಸೀಟು ಬಂತು. ಚರ್ಮದ ಡಾಕ್ಟರಾದ್ರೆ ರಾತ್ರಿ ಡ್ಯೂಟಿ ಇರಲ್ಲ, ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೀತೀನಿ ಅಂತ ನೀನು ಸೇರಲಿಲ್ಲ. ನಿನ್ನಿಷ್ಟ. ಪರೀಕ್ಷೆ ಪಟ್ಟಿಲಿ ನಿನ್ನ ಹಿಂದೆನೇ ಇದ್ದ ಪಕ್ಕದ ಮನೆ ಸಿದ್ದರಾಜು ಮಗಳು ಐಶ್ವರ್ಯಂಗೆ ಅದು ಹೋಯ್ತದೆ ಅಂದ್ಕಂಡಿದ್ದೆ.

ಮೊನ್ನೆ ಆ ಹುಡುಗಿ ಜಗಲಿ ಮೇಲೆ ಕೂತ್ಕಂಡು, "ಇಲ್ಲ ಅಜ್ಜಿ, ಕೊನೆ ಸುತ್ತು ಮುಗೀತು, ಬಿಟ್ಟ ಸೀಟು ಇನ್ನೊಬ್ರಿಗೆ ಕೊಡಲ್ಲ. ಆ ಸೀಟು ಈ ವರ್ಷ ಖಾಲಿನೇ" ಅಂದ್ಲು.

"ಸೇರೋಕೆ ನೀನಿದ್ದೀಯಲ್ಲೇ?"

"ನನ್ನ ಯಾರೂ ಕರೆಯಲ್ಲ ಅಜ್ಜಿ."

ಪಂಕ್ತಿಲಿ ಬಡಿಸ್ಕೊಂಡು ಉಣ್ಣದೆ ಎದ್ದೋದೋರ ಎಲೆ ಕಣೆ ಅದು. ಹಸಿದೋರು ಬಾಗಿಲಲ್ಲಿ ನಿಂತಿದ್ರೂ ಅಲ್ಲಿ ಕೂರಂಗಿಲ್ಲ.

ಸಿದ್ದರಾಜು ಅವಳನ್ನ ಇನ್ನು ಓದಿಸಲ್ವಂತೆ, ಗಂಡು ನೋಡ್ತಾವ್ನೆ. ಇನ್ನೊಂದು ವರ್ಷ ತಡಿಯಪ್ಪ ಅಂದ್ರೆ, "ಸೀಟು ಬಿಟ್ಟೋಳು ನಿಮ್ಮ ಮೊಮ್ಮಗಳೇ ಅಲ್ವಾ ಸಾಕಮ್ಮ?" ಅಂದ. ಊರಿಗೆಲ್ಲ ಉತ್ತರ ಕೊಟ್ಟೋಳು ನಾನು, ಎದ್ದು ಬಂದು ಈ ಕಾಗದ ಬರೆಯೋಕೆ ಕೂತೆ.

ನೀನೇ ಅವನಿಗೆ ಬರಿ. ಏನು ಬರೀಬೇಕು ಅಂತ ನನಗೆ ಗೊತ್ತಿಲ್ಲ, ಓದಿದೋಳು ನೀನು. ಗಂಡಿನ ಕಡೆಯೋರು ಮುಂದಿನ ತಿಂಗಳು ಬತ್ತಾರೆ. ಅದಕ್ಕೆ ಮುಂಚೆ ನಿನ್ನ ಕಾಗದ ಬಂದಿರಬೇಕು.

ನಿನ್ನ ಅಜ್ಜಿ,
ಸಾಕಮ್ಮ