ನಗೆಕೂಟದಲ್ಲಿ ಫೋನ್ ತಪಾಸಣೆ

ಅಕ್ಕಾ,

ಜಯನಗರಕ್ಕೆ ಬಂದಾಗಿನಿಂದ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿದೆ. ಹೊಸ ಸೈಬರ್ ಕಾನೂನು ಹೇಗಿರಬೇಕೆಂದು ಇವತ್ತು ಪಾರ್ಕಿನ ನಗೆಕೂಟದಲ್ಲಿ ಚರ್ಚೆ. ಕೋರ್ಟನ್ನು ಕೇಳದೆ ಪೊಲೀಸರು ಯಾರ ಫೋನನ್ನಾದರೂ ನೋಡಬಹುದೇ?

“ಕಳ್ರು ಸಿಗ್ಬೇಕಲ್ಲ ಸಾರ್, ನೋಡ್ಲಿ ಬಿಡಿ,” ಅಂದರು ನಿವೃತ್ತ ಮೇಷ್ಟರು ಸಿದ್ದಲಿಂಗಯ್ಯ. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ.

ಚರ್ಚೆ ನಡೆಸುತ್ತಿದ್ದ ವಕೀಲೆ ಇಂಚರ, “ಹಾಗಾದ್ರೆ ಲಾಕ್ ತೆಗ್ದು ಫೋನ್ ಪಕ್ಕದವ್ರಿಗೆ ಕೊಡಿ ಅಂಕಲ್, ಐದೇ ನಿಮಿಷ,” ಅಂದಳು. ಮೇಷ್ಟರ ಪಕ್ಕದಲ್ಲಿ ಅವರ ಹೆಂಡತಿಯೇ ಇದ್ದರು. ಮೇಷ್ಟರು ಫೋನಿನ ಮೇಲೆ ಕೂತೇಬಿಟ್ಟರು.

ನನ್ನ ಮಂಡಿನೋವು ವಾಸಿ. ಮಗಳು ವಿಭಾಳಿಗೆ ನೋಡಿದ ಗಂಡಿನ ವಿಷಯ ಮಾತ್ರ ಈ ಅಂಚೆ ಕಾರ್ಡಿನಲ್ಲಿ ಬರೆಯಲಾರೆ. ನಿಮ್ಮ ಪೋಸ್ಟ್‌ಮ್ಯಾನ್ ಎಲ್ಲವನ್ನೂ ಓದಿಯೇ ಕೊಡುವುದು.

ನಿನ್ನ ತಂಗಿ
ಚೂಡಾಮಣಿ