ಡಾಕ್ಟರ ಮುಂದೆ ಕೆಮ್ಮದ ಭೀಮಕ್ಕ

ಮಾನ್ಯ ಕಾರ್ಮಿಕ ಪರಿಹಾರ ಅಧಿಕಾರಿಗಳೇ,

ಜಗಳೂರಿನ ಅರಳೆ ಮಿಲ್ಲಿನಲ್ಲಿ ವರ್ಷಗಟ್ಟಲೆ ದುಡಿದು ಉಬ್ಬಸ ಹತ್ತಿಸಿಕೊಂಡ ನನ್ನ ಹೆಂಡತಿ ಭೀಮಕ್ಕನ ಪರಿಹಾರದ ಅರ್ಜಿಯನ್ನು ತಾವು ವಜಾ ಮಾಡಿದ್ದೀರಿ. ತಾವು ಕೊಟ್ಟ ಕಾರಣ ಇಷ್ಟೇ: ತಾನು ಚೆನ್ನಾಗಿರುವುದಾಗಿ ಅರ್ಜಿದಾರಳೇ ವೈದ್ಯರಿಗೆ ತಿಳಿಸಿದ್ದಾಳೆ, ಪರೀಕ್ಷೆಯ ಹೊತ್ತಿನಲ್ಲಿ ಒಮ್ಮೆಯೂ ಕೆಮ್ಮಿಲ್ಲ. ಎರಡೂ ನಿಜ. ಆ ಎರಡು ನಿಜಗಳನ್ನು ತಯಾರು ಮಾಡಿ ಕಳಿಸಿದವನು ನಾನು, ಆಕೆಯ ಗಂಡ, ಬಸ್ ಸ್ಟ್ಯಾಂಡಿನ ಹಿಂದೆ ಬಟ್ಟೆ ಹೊಲಿಯುವ ತಿಪ್ಪೇಶಪ್ಪ. ತಮ್ಮ ಕಚೇರಿಗೆ ಹಾಕಿದ ಪತ್ರಕ್ಕೆ ಉತ್ತರ ಬರಲಿಲ್ಲವಾದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಊರವರೂ ಓದಲಿ. ನನ್ನ ಮಾನ ಹೋದರೆ ಹೋಗಲಿ.

ಅರಳೆ ಮಿಲ್ಲು ಹೇಗಿರುತ್ತದೆಂದು ತಮಗೆ ಗೊತ್ತಿಲ್ಲದಿದ್ದರೆ, ತಾವು ತಲೆಯಿಟ್ಟು ಮಲಗುವ ದಿಂಬನ್ನು ಹರಿದು ಮುಖದ ಮುಂದೆ ಒಮ್ಮೆ ಜಾಡಿಸಿ ನೋಡಿ. ಹತ್ತಿಯನ್ನು ಯಂತ್ರಕ್ಕೆ ಉಣಿಸಿ ಬೀಜ ಬಿಡಿಸುವ ಕೆಲಸ ಅಲ್ಲಿ ಹೆಂಗಸರದು. ಗಾಳಿಗೆ ಅರಳೆ ಹಾರಿಹೋದರೆ ಮಾಲೀಕರಿಗೆ ಲುಕ್ಸಾನು, ಅದಕ್ಕಾಗಿ ಕಿಟಕಿಗಳು ಮುಚ್ಚಿಯೇ ಇರುತ್ತವೆ. ಎದೆಯೊಳಗೆ ಹೋದ ಅರಳೆಯ ಬಗ್ಗೆ ಮಾತ್ರ ಯಾರಿಗೂ ಚಿಂತೆಯಿಲ್ಲ. ಮಾಲೀಕರ ವಕೀಲರು ತಮ್ಮ ಮುಂದೆ ನಿಂತು, ಇದು ಒಲೆಯ ಹೊಗೆಯಿಂದ ಬಂದ ಕೆಮ್ಮು ಎಂದು ವಾದಿಸಿದರು, ತಾವು ತಲೆಯಾಡಿಸಿದಿರಿ. ಸ್ವಾಮಿ, ನಮ್ಮ ಮನೆಯ ಒಲೆ ವರ್ಷವಿಡೀ ಉರಿಯುತ್ತದೆ. ಭೀಮಕ್ಕನಿಗೆ ಉಬ್ಬಸ ಏಳುವುದು ದೀಪಾವಳಿ ಕಳೆದು ಮಿಲ್ಲು ಶುರುವಾದ ಮೇಲೆ. ಬೇಸಿಗೆ ಕೊನೆಗೆ ಮಿಲ್ಲು ನಿಂತಾಗ ಅದು ಇಳಿಯುತ್ತಿತ್ತು, ಈಗೀಗ ಪೂರ್ತಿ ಇಳಿಯುವುದೂ ಇಲ್ಲ. ಹೊಗೆಯೇನು ಪಂಚಾಂಗ ನೋಡಿಕೊಂಡು ಬರುತ್ತದೆಯೇ?

ವಕೀಲರನ್ನು ಬೈದು ಏನು ಪ್ರಯೋಜನ? ಅವರು ಸಂಬಳಕ್ಕೆ ಸುಳ್ಳು ಹೇಳಿದರು, ನಾನು ಸಂಬಳವಿಲ್ಲದೆ ಅವರ ಕೆಲಸ ಮಾಡಿಕೊಟ್ಟೆ. ನನ್ನ ಅಂಗಡಿಯೆಂದರೆ ಮನೆಯ ಮುಂದಿನ ಪಡಸಾಲೆ. ಮದುವೆ ಬಟ್ಟೆ ಹೊಲಿಸಲು ಬಂದವರ ಎದುರಿಗೆ ಆಕೆ ಕೆಮ್ಮಿದರೆ ಕ್ಷಯವಿರಬೇಕೆಂದು ಗಿರಾಕಿ ಎದ್ದುಹೋದಾರು ಎಂಬ ಭಯ ನನಗೆ. "ಹಿತ್ಲಿಗೆ ಹೋಗಿ ಕೆಮ್ಮು" ಎನ್ನುತ್ತಿದ್ದೆ. ಹೋಗುತ್ತಿದ್ದಳು. ಬರಬರುತ್ತಾ ಹಿತ್ತಲಿಗೆ ಹೋಗುವುದನ್ನೂ ಬಿಟ್ಟು, ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮನ್ನು ನುಂಗುವುದು ಕಲಿತಳು. ಕಣ್ಣಲ್ಲಿ ನೀರಿಳಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಹಾಯಾಗಿ ಮಿಷನ್ನು ತುಳಿಯುತ್ತಿದ್ದೆ.

ವೈದ್ಯರ ಪರೀಕ್ಷೆಗೆ ಬರಬೇಕೆಂದು ತಮ್ಮ ನೋಟೀಸು ಬಂದದ್ದು ಆಷಾಢದಲ್ಲಿ, ಮಿಲ್ಲು ನಿಂತು ಎಷ್ಟೋ ದಿನವಾದ ಮೇಲೆ. ಬೀಗರ ಮನೆಗೆ ಹೊರಟವರಂತೆ ಹೊರಟೆವು. ನಾನೇ ಹೊಸ ರವಿಕೆ ಹೊಲಿದುಕೊಟ್ಟೆ. ಬಸ್ಸಿನಲ್ಲಿ ಪಾಠ ಹೇಳಿದ್ದೂ ನಾನೇ.

"ನೋಡು, ಅವ್ರು ದೊಡ್ಡ ಡಾಕ್ಟ್ರು. ಮುಖದ ಮ್ಯಾಲೆ ಕೆಮ್ಮಬ್ಯಾಡ. ಕೇಳಿದ್ದಕ್ಕೆ ಮರ್ಯಾದೆಯಿಂದ ಉತ್ರ ಕೊಡು."

"ತಡಿಯಾಕೆ ಆಗ್ಲಿಲ್ಲ ಅಂದ್ರೆ ಹೆಂಗ್ರೀ?"

"ಇದನ್ನ ದವಡ್ಯಾಗೆ ಇಟ್ಕ" ಎಂದು ಮೆಣಸಿನಕಾಳು, ಬೆಲ್ಲ ಕೊಟ್ಟೆ.

ಡಾಕ್ಟರು ಒಳ್ಳೆಯವರು, ನಗುನಗುತ್ತಾ "ಏನಮ್ಮ, ಹೇಗಿದ್ದೀಯ?" ಎಂದರು. ಭೀಮಕ್ಕ ಕೈಮುಗಿದು "ನಿಮ್ಮ ಆಶೀರ್ವಾದ, ಚೆನ್ನಾಗಿದೀನಿ ಸ್ವಾಮಿ" ಎಂದಳು. ಅವರು ಅದನ್ನು ಬರೆದುಕೊಂಡರು. ಅಧಿಕಾರಿಗಳೇ, ಹಿರಿಯರು ಹೇಗಿದ್ದೀಯ ಎಂದರೆ ನಮ್ಮ ಕಡೆ ಇನ್ನೇನು ಹೇಳುತ್ತಾರೆ? ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಜವಾನ "ಚೆನ್ನಾಗಿದ್ದೀರಾ ಸಾರ್" ಎಂದರೆ, ತಾವು ನಿಂತು ತಮ್ಮ ಮೂಲವ್ಯಾಧಿಯ ಸಮಾಚಾರ ಹೇಳುತ್ತೀರೇನು? ಅಂಥ ಒಂದು ನಮಸ್ಕಾರದ ಮಾತನ್ನು ಹಿಡಿದು ಅರ್ಜಿ ವಜಾ ಮಾಡಬಹುದೆಂದು ಯಾವ ಕಾಯಿದೆಯಲ್ಲಿದೆ?

ಆಸ್ಪತ್ರೆಯ ಗೇಟು ದಾಟಿದ್ದೇ ತಡ, ಅಲ್ಲಿಯವರೆಗೆ ತಡೆದಿದ್ದ ಕೆಮ್ಮೆಲ್ಲ ಒಟ್ಟಿಗೇ ಬಂತು. ಕಾಂಪೌಂಡು ಹಿಡಿದುಕೊಂಡು ಕುಸಿದು ಕುಳಿತಳು. ಕಾವಲಿನವನು ನೀರು ತಂದುಕೊಟ್ಟು, "ಅಯ್ಯೋ ಯವ್ವಾ, ಇದನ್ನ ಒಳಗೆ ಕೆಮ್ಮಬೇಕಿತ್ತಲ್ಲವ್ವ!" ಎಂದ. ನನಗೆ ಸಿಟ್ಟು ಬಂತು. "ನಾವು ಮರ್ಯಾದಸ್ಥರಪ್ಪ, ಡಾಕ್ಟ್ರ ಮುಂದೆ ಹಂಗೆಲ್ಲ ಆಡಲ್ಲ" ಎಂದು ಅವನಿಗೇ ಗದರಿಸಿದೆ. ವಾಪಸು ಬರುವಾಗ ಹೆಂಡತಿಗೆ ಶಹಬ್ಬಾಸ್ ಬೇರೆ ಹೇಳಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅವಳು.

ತಮ್ಮ ಆದೇಶ ಬಂದ ದಿನ ಓದಿ ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ. ಆಕೆಗೆ ಖುಷಿಯಾಯಿತು! "ಸರ್ಕಾರದ ಡಾಕ್ಟ್ರೇ ಚೆನ್ನಾಗೈತೆ ಅಂದ ಮ್ಯಾಲೆ ಇನ್ನೇನ್ ಬಿಡ್ರಿ. ದೀಪಾವಳಿ ಆಗ್ಲಿ, ಮತ್ತೆ ಮಿಲ್ಲಿಗೆ ಹೋಗಾಕೆ ಶುರು ಮಾಡ್ತೀನಿ" ಎಂದಳು. ನನ್ನ ಹೊಲಿಗೆಯೊಂದರಿಂದ ಮನೆ ನಡೆಯದೆಂದು ಆಕೆಗೂ ಗೊತ್ತು. ಇನ್ನೊಂದು ಸುಗ್ಗಿ ಆ ಧೂಳಿನಲ್ಲಿ ಕೂತರೆ ಜೀವ ಉಳಿಯುವುದು ಕಷ್ಟ ಎಂದು ನಮ್ಮೂರ ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ್ದಾರೆ. ಅದನ್ನು ಆಕೆಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಆಕೆಗೆ ಓದಲು ಬರುವುದಿಲ್ಲ, ಈ ಪತ್ರ ಓದಿ ಹೇಳುವಾಗ ಈ ಸಾಲುಗಳನ್ನು ಬಿಟ್ಟು ಓದುತ್ತೇನೆ. ತಮ್ಮ ರುಜು ಇರುವ ಕಾಗದವನ್ನು ನಂಬಿ ಆಕೆ ಮಿಲ್ಲಿಗೆ ಹೊರಟಿದ್ದಾಳೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ಆದೇಶವನ್ನು ರದ್ದುಮಾಡಿ. ಡಾಕ್ಟರನ್ನು ಕರೆದುಕೊಂಡು, ಮಾಲೀಕರಿಗೆ ಮುಂಚೆ ತಿಳಿಸದೆ, ಮಿಲ್ಲು ನಡೆಯುವಾಗ ಜಗಳೂರಿಗೆ ಬನ್ನಿ. ಭೀಮಕ್ಕನನ್ನು ಮನೆಗೇ ಬಂದು ಪರೀಕ್ಷಿಸಿ. ಅವಳ ಜೊತೆ ಮಿಲ್ಲಿನಲ್ಲಿ ದುಡಿಯುವ ಬೊಮ್ಮಕ್ಕನನ್ನೂ ಉಳಿದ ಹೆಂಗಸರನ್ನೂ ಯಂತ್ರದ ಪಕ್ಕದಲ್ಲೇ ನೋಡಿ. ಹೇಗಿದ್ದೀರಿ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದ್ದೇವೆಂದೇ ಹೇಳುತ್ತಾರೆ. ಕೆಮ್ಮಿದರೆ ತಪ್ಪಿಲ್ಲ ಎಂದು ಮೊದಲು ತಾವೇ ಬಾಯಿಬಿಟ್ಟು ಹೇಳಿ, ಆಮೇಲೆ ಸುಮ್ಮನೆ ನಿಂತು ಕೇಳಿಸಿಕೊಳ್ಳಿ.

ಇಲ್ಲಿಯವರೆಗೆ ಬರೆದದ್ದನ್ನು, ಹೇಳಿದಂತೆಯೇ ಆ ಸಾಲುಗಳನ್ನು ಬಿಟ್ಟು, ಆಕೆಗೆ ಓದಿದೆ. ಗಾಬರಿಯಾದಳು. "ಸಾಹೇಬ್ರಿಗೆ ಹಿಂಗೆಲ್ಲ ಬರೀತಾರೇನ್ರೀ? ಮೊದ್ಲು ನಾವೆಲ್ಲ ಕ್ಷೇಮ ಅಂತ ಬರೀರಿ" ಎಂದಳು. ಅಷ್ಟು ಹೇಳಿ ಮುಗಿಸಲು ನಡುವೆ ನಿಂತು ಉಸಿರೆಳೆದುಕೊಳ್ಳಬೇಕಾಯಿತು.

ಅವಳ ಮಾತನ್ನು ಈ ಸಲ ಮೀರುತ್ತಿದ್ದೇನೆ. ಅಧಿಕಾರಿಗಳೇ, ನಾವು ಕ್ಷೇಮವಾಗಿಲ್ಲ.

ಇಂತಿ,
ಮಾಲೀಕರಿಗೆ ಪುಕ್ಕಟೆಯಾಗಿ ಸಾಕ್ಷಿ ಒದಗಿಸಿಕೊಟ್ಟ
ತಿಪ್ಪೇಶಪ್ಪ, ದರ್ಜಿ
ಜಗಳೂರು, ೧೯೮೫