ಏಳನೇ ಲೋಕದ ಗಡಿಯಾರದವನು

ಭಾನುವಾರ, ಮಾರ್ಚ್ ೧೬
ಬೆಳಿಗ್ಗೆ ಹತ್ತು ಗಂಟೆ

ನನ್ನ ಗುಬ್ಬಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ನೀನು ಇದನ್ನು ಮೇಜಿನ ಮೂಲೆಗೆ ತಳ್ಳಿರುತ್ತೀಯ ಅಂತ ಗೊತ್ತು. ಎರಡು ದಿನ ಅಲ್ಲೇ ಬಿದ್ದಿರಲಿ, ಪರವಾಗಿಲ್ಲ. ಮೂರನೇ ದಿನವಾದರೂ ಒಡೆದು ಓದು. ಇದನ್ನು ಬರೆಯಲು ನನಗೂ ಏಳು ತಿಂಗಳು ಬೇಕಾಯಿತು. ತಿಂಗಳಿಗೆ ಮೂವತ್ತೆರಡು ಪುಟದ ಗಾಳಿಗಿತ್ತಿಯ ಚಿತ್ರಕಥೆ ತಪ್ಪದೆ ಬರೆದು ಕೊಡುವವಳಿಗೆ ಒಡಹುಟ್ಟಿದವಳಿಗೆ ಒಂದು ಹಾಳೆ ಬರೆಯಲು ಕೈ ಏಳಲಿಲ್ಲ ಅಂದರೆ ಕೇಳಿದವರು ನಗುತ್ತಾರೆ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದು ಹಾಕಿದೆ. ತಡವಾಗಿದ್ದಕ್ಕೆ ಬೈದುಬಿಡು. ನಿನ್ನಿಂದ ಬೈಗುಳವಾದರೂ ಬರಲಿ.

ನೀನು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಲು ಸೇರಿಕೊಂಡ ಸುದ್ದಿಯನ್ನು ಅಕ್ಷರದ ತಾತ ಹೇಳಿದರು. ತುಂಬ ಸಂತೋಷವಾಯಿತು. ತಾತ ಇನ್ನೂ ಹಾಗೇ ಇದ್ದಾರೆ. ಮಾತಿನ ಗುಳ್ಳೆಯೊಳಗೆ ಅಕ್ಷರ ತುಂಬುವಾಗ ಉಸಿರು ಬಿಗಿ ಹಿಡಿಯುತ್ತಾರೆ, ಗುಳ್ಳೆ ಮುಗಿದ ಮೇಲೆ ಕೆಮ್ಮುತ್ತಾರೆ. ಮೊನ್ನೆ ನನ್ನ ಒಂದು ಪುಟ ನೋಡಿ, "ನಿಮ್ಮ ರಾಕ್ಷಸರು ಇಷ್ಟುದ್ದ ಭಾಷಣ ಮಾಡೋ ಹೊತ್ತಿಗೆ ಊರೋರೆಲ್ಲ ತಪ್ಪಿಸ್ಕೊಂಡು ಹೋಗಿರ್ತಾರೆ ಕಣಮ್ಮ" ಅಂದರು. ನಿನ್ನ ಕುರ್ಚಿಯಲ್ಲಿ ಈಗ ಹೊಸ ಚಿತ್ರಗಾರ ಕೂರುತ್ತಾನೆ. ನಲವತ್ತು ದಾಟಿದವನು, ಮಾತು ಕಡಿಮೆ, ಕುಂಚ ತೊಳೆಯದೆ ಎದ್ದು ಹೋಗುವವನಲ್ಲ. ನಿನ್ನ ಬೆಳಕಿನ ಮೇಜಿನ ಗಾಜು ಒಡೆದದ್ದು ಹಾಗೇ ಇತ್ತಲ್ಲ, ಅದನ್ನು ಬದಲಾಯಿಸೋಣವೇ ಅಂತ ಕೇಳಿದರೆ, "ಅವರು ಬಂದು ಕೇಳಿದ್ರೆ ಏನ್ ಹೇಳ್ಲಿ?" ಅಂದ.

ಇನ್ನು ಸುತ್ತಿ ಬಳಸಿ ಮಾತಾಡುವುದಿಲ್ಲ. ಅವತ್ತು ನೀನು ಫೋನಿನಲ್ಲಿ ಒಂದೇ ಮಾತು ಕೇಳಿದೆ: "ಅವ್ರನ್ನ ನನ್ನ ಕೈಯಿಂದಾನೇ ಎರಡನೇ ಸಲ ಕಳಿಸ್ಬೇಕಾ ಅಕ್ಕ?" ನಾನು ಉತ್ತರ ಕೊಡುವ ಮುಂಚೆ ನೀನು ಫೋನ್ ಇಟ್ಟುಬಿಟ್ಟೆ, ಆಮೇಲೆ ಆಫೀಸಿಗೂ ಬರಲಿಲ್ಲ. ನಡೆದದ್ದನ್ನು ನನ್ನ ಕಡೆಯಿಂದ ಒಂದು ಸಲ ಕೇಳಿಸಿಕೋ. ನನ್ನದೇ ಸರಿ ಅಂತ ಸಾಧಿಸಲು ಹೇಳುತ್ತಿಲ್ಲ.

ಹೊಸ ಸಂಪಾದಕಿ ಬಂದ ವಾರವೇ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಮ್ಮ ಗಾಳಿಗಿತ್ತಿಯ ಒಂಬತ್ತು ಲೋಕಗಳಿಗೆ ಒಂಬತ್ತು ಬಣ್ಣದ ಗೆರೆ ಎಳೆದಳು. ಆಮೇಲೆ ನನ್ನನ್ನು ಕರೆದು ಮುಂದೆ ನಿಲ್ಲಿಸಿಕೊಂಡಳು. "ಮೇಡಂ, ಮೂರನೇ ಲೋಕದಲ್ಲಿ ಗಾಳಿಗಿತ್ತಿ ಸತ್ತಿದ್ದಾಳೆ. ಐದರಲ್ಲಿ ಅವಳೇ ಕಳ್ಳಿ. ಆರರಲ್ಲಿ ಅವಳು ಗಂಡಸು. ಹೊಸದಾಗಿ ಓದೋಕೆ ಶುರು ಮಾಡಿದವರು ಎಲ್ಲಿಂದ ಹಿಡೀಬೇಕು, ನೀವೇ ಹೇಳಿ?" ನನಗೆ ನಗು ಬಂತು. ಅವಳು ಹೇಳಿದ್ದು ಸುಳ್ಳೇನಲ್ಲ. ಇಪ್ಪತ್ತೈದು ವರ್ಷ ನಾನು ಮಾಡಿದ್ದು ಅದೇ ತಾನೇ. ಕಥೆ ಎಲ್ಲಿ ಸಿಕ್ಕಿಹಾಕಿಕೊಂಡರೂ ಪಕ್ಕದಲ್ಲೊಂದು ಹೊಸ ಲೋಕ ತೆರೆದು ಜಾರಿಕೊಳ್ಳುತ್ತಿದ್ದೆ.

"ಏಳರಲ್ಲಿ ಏನಾಗುತ್ತೆ?" ಅಂದಳು.

"ಏಳರಲ್ಲಿ ಅವಳಿಗೆ ಶಕ್ತಿ ಇಲ್ಲ. ಗಂಡ ಗಡಿಯಾರ ರಿಪೇರಿ ಮಾಡ್ತಾನೆ. ಇಬ್ಬರೂ ಇರ್ತಾರೆ."

"ಅಷ್ಟೇನಾ?"

"ಅಷ್ಟೇ."

ಪಾಪ, ಅವಳಿಗೇನು ಗೊತ್ತು. ನಮ್ಮ ಬಗೆಯ ಕಥೆಗಳಿಗೆ ಒಂದು ಕಟ್ಟಳೆ ಇದೆಯಲ್ಲ, ಪಕ್ಕದ ಲೋಕ ನಮ್ಮದಕ್ಕಿಂತ ಕೆಟ್ಟದಾಗಿರಬೇಕು ಅಂತ. ಅಲ್ಲಿ ಊರು ಮುಳುಗಿರಬೇಕು, ಒಳ್ಳೆಯವರು ಕೆಟ್ಟವರಾಗಿರಬೇಕು. ಓದಿದವರು ಪುಸ್ತಕ ಮುಚ್ಚಿ, ಸದ್ಯ ನಮ್ಮದೇ ವಾಸಿ ಅಂದುಕೊಳ್ಳಬೇಕು. ಏಳನೇ ಲೋಕ ಕಟ್ಟುವಾಗ ನಾನು ಅದನ್ನು ಬೇಕೆಂದೇ ಮುರಿದೆ. ನಿನ್ನವನು ಹೋಗಿ ನಾಲ್ಕು ತಿಂಗಳಾಗಿತ್ತು. ನೀನು ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ಎರಡು ತುತ್ತಿನ ಮೇಲೆ ಉಣ್ಣುತ್ತಿರಲಿಲ್ಲ. ಯುದ್ಧವಿಲ್ಲದ ನಾಲ್ಕು ಪುಟ ಬರೆದು ನಿನ್ನ ಮುಂದಿಟ್ಟು, "ಈ ಗಡಿಯಾರದವನಿಗೆ ಯಾವ ಮುಖ ಬೇಕಾದ್ರೂ ಕೊಡು" ಅಂದೆ. ನೀನು ಪೆನ್ಸಿಲ್ ಎತ್ತಿಕೊಂಡು ಎಡ ಹುಬ್ಬಿನಿಂದ ಶುರು ಮಾಡಿದೆ. ಇಳಿಜಾರಿನ ಆ ಹುಬ್ಬು ನೋಡಿ ಅಕ್ಷರದ ತಾತ ಎದ್ದು ಹೊರಗೆ ಹೋದರು. ಆಫೀಸಿನಲ್ಲಿ ಎಲ್ಲರೂ ಬಣ್ಣದಣ್ಣ ಅಂತ ಕರೆಯುತ್ತಿದ್ದ ನಿನ್ನ ಗಂಡ, ನಮ್ಮ ಪುಟಗಳಿಗೆ ಹದಿಮೂರು ವರ್ಷ ಬಣ್ಣ ತುಂಬಿದವನು, ಅವತ್ತಿನಿಂದ ಪುಟದೊಳಗೇ ಕೂತ.

ಹನ್ನೊಂದು ವರ್ಷ, ಪ್ರತಿ ಸಂಚಿಕೆಯ ಕೊನೆಯ ಆ ನಾಲ್ಕು ಪುಟದಲ್ಲಿ, ಏನೂ ಆಗಲಿಲ್ಲ. ಅವನು ಕನ್ನಡಕ ಕಳೆದುಕೊಂಡ, ಹುಡುಕಿದ. ಮಳೆಯಲ್ಲಿ ನೆನೆದು ಬಂದು ಸೀನಿದ. ಒಂದು ಸಂಚಿಕೆಯ ನಾಲ್ಕೂ ಪುಟ ಗಂಡ ಹೆಂಡತಿ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅಂತ ಜಗಳವಾಡಿದರು. ಅದಕ್ಕೆ ಬಂದಷ್ಟು ಪತ್ರ ನನ್ನ ಯಾವ ಮಹಾಯುದ್ಧಕ್ಕೂ ಬರಲಿಲ್ಲ.

ಈಗ ಒಂಬತ್ತನ್ನೂ ಒಂದು ಮಾಡಿ ಅಂತ ಅಪ್ಪಣೆಯಾಯಿತು. ಅದಕ್ಕೂ ಕಟ್ಟಳೆ ಇದೆ, ನಿನಗೆ ಗೊತ್ತು. ಆಕಾಶ ಕೆಂಪಾಗಬೇಕು, ಲೋಕಗಳು ಒಂದಕ್ಕೊಂದು ಬಡಿಯಬೇಕು, ಒಂದು ಉಳಿಯಬೇಕು, ಉಳಿದವರಿಗೆ ಏನೂ ನೆನಪಿರಬಾರದು. ನಾನು ಬರೆಯದಿದ್ದರೆ ಬೇರೆ ಯಾರೋ ಏಳನೇ ಲೋಕವನ್ನು ಹೆಬ್ಬೆಟ್ಟಿನಷ್ಟು ಚೌಕದಲ್ಲಿ ಒರೆಸಿಬಿಡುತ್ತಾರೆ, ನಾನಾದರೆ ಮೂರು ಪುಟವಾದರೂ ಕೊಡಿಸುತ್ತೇನೆ, ಹೀಗೆ ಲೆಕ್ಕ ಹಾಕಿ ಬರೆದೆ. ಬರೆದದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಚಿತ್ರ ಬರೆಯಲು ಅದನ್ನು ನಿನ್ನ ಮನೆಗೆ ಅಂಚೆಯಲ್ಲಿ ಕಳಿಸಿದ್ದು ತಪ್ಪು. ಎರಡು ಬಸ್ಸು ಬದಲಾಯಿಸಿದರೆ ನಿನ್ನ ಮನೆ. ಬಂದು, ಎದುರಿಗೆ ಕೂತು ಹೇಳಬೇಕಿತ್ತು. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ ಗುಬ್ಬಿ.

ಸಂಚಿಕೆ ಬಂತು. ನೀನು ನೋಡಿಲ್ಲ ಅಂತ ತಾತ ಹೇಳಿದರು, ಹಾಗಾಗಿ ಹೇಳುತ್ತೇನೆ. ಹೊಸ ಚಿತ್ರಗಾರ ಆ ಮುಖ ಬರೆಯಲಿಲ್ಲ. "ಇದು ನಂದಲ್ಲ" ಅಂದು ಮೂರು ಪುಟದಲ್ಲೂ ಗಡಿಯಾರದವನನ್ನು ಬೆನ್ನ ಹಿಂದಿನಿಂದಲೇ ತೋರಿಸಿದ.

ಹದಿನೈದು ದಿನಕ್ಕೆ ಒಬ್ಬ ಹೆಂಗಸು ಆಫೀಸಿಗೇ ಬಂದರು. ಐವತ್ತೈದರ ಆಸುಪಾಸು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸವಂತೆ, ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿತ್ತು. ಪ್ರತಿ ಸಂಚಿಕೆಯ ಕೊನೆಯ ನಾಲ್ಕು ಪುಟ ಮಾತ್ರ ಕತ್ತರಿಸಿ, ದಾರದಲ್ಲಿ ಹೊಲಿದು ದಪ್ಪ ಪುಸ್ತಕ ಮಾಡಿ ತಂದಿದ್ದರು.

"ಮಿಕ್ಕಿದ್ದು?" ಅಂತ ಕೇಳಿದೆ.

"ಹೊಡೆದಾಟ ಎಲ್ಲ ಪಕ್ಕದ ಮನೆಯವರಿಗೆ ಕೊಟ್ಬಿಡ್ತಿದ್ದೆ" ಅಂದರು. ಆಮೇಲೆ ಪುಸ್ತಕದ ಕೊನೆಯ ಪುಟ ತೆಗೆದು ನನ್ನ ಮುಂದೆ ಇಟ್ಟು, "ಇವ್ರು ಎಲ್ಲಿಗೆ ಹೋದ್ರು?" ಅಂದರು.

ನಾನು ಕಲಿತ ಪಾಠ ಒಪ್ಪಿಸಿದೆ. ಲೋಕಗಳು ಕೂಡಿಕೊಂಡಾಗ ಯಾರೂ ನಾಶವಾಗುವುದಿಲ್ಲ, ಎಲ್ಲರೂ ಉಳಿದ ಲೋಕದಲ್ಲಿ ಬೆರೆತುಹೋಗುತ್ತಾರೆ, ಹೀಗೆಲ್ಲ.

"ಬೆರೆತಿದ್ರೆ ಎಲ್ಲಾದ್ರೂ ಕಾಣ್ಬೇಕಲ್ಲಮ್ಮ. ಸಕ್ಕರೆ ಬೆರೆತ್ರೂ ರುಚಿ ಗೊತ್ತಾಗುತ್ತೆ." ಪುಟದ ಮೇಲೆ ಬೆರಳಿಟ್ಟು, "ನೇರವಾಗಿ ಹೇಳಿ. ಸತ್ರಾ?" ಅಂದರು.

ಹನ್ನೊಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ಹೌದು, ಸತ್ತರು" ಅಂದೆ.

"ಹಾಗಂತ ಬರೀಬೇಕಿತ್ತು. ಬರೆದಿದ್ರೆ ಅತ್ತು ಮುಗಿಸ್ತಿದ್ದೆ. ಇನ್ಮೇಲೆ ಪ್ರತಿ ತಿಂಗಳು ಕೊನೇ ಪುಟ ತಿರುವಿ ನೋಡೋ ಹಾಗೆ ಮಾಡಿಟ್ರಿ." ಕೋಪವಿರಲಿಲ್ಲ ಆ ದನಿಯಲ್ಲಿ. ನೀರು ಕೊಟ್ಟೆ, ಕುಡಿದು, ಪುಸ್ತಕ ಎದೆಗೆ ಒತ್ತಿಕೊಂಡು ಹೋದರು. ಅವರ ಮನೆಯಲ್ಲಿ ಯಾರು ಇಲ್ಲವೋ, ನಾನು ಕೇಳಲಿಲ್ಲ.

ಇಂಥ ದೂರುಗಳು ಹೆಚ್ಚಾದವು. ಸಂಪಾದಕಿ ಖುಷಿಯಾಗಿ ಓಡಿ ಬಂದಳು. "ಮೇಡಂ, ಅವನನ್ನ ವಾಪಸ್ ತರೋಣ. ಅಳಿದು ಹೋದ ಲೋಕದಿಂದ ಒಬ್ಬನೇ ಉಳಿದುಕೊಂಡಿದ್ದಾನೆ, ನನ್ನ ಲೋಕ ಯಾಕೆ ಕಿತ್ಕೊಂಡ್ರಿ ಅಂತ ರೊಚ್ಚಿಗೆದ್ದಿದ್ದಾನೆ. ಮುಂದಿನ ವರ್ಷದ ದೊಡ್ಡ ಖಳ ಅವನೇ! ಮುಖವಾಡ ತೆಗೆದಾಗ ಆ ಹುಬ್ಬು ಕಾಣ್ಬೇಕು!"

ಅವಳ ತಪ್ಪಿಲ್ಲ. ಕಟ್ಟಳೆ ಹಾಗೇ ಇದೆ. ನಮ್ಮ ಕಥೆಗಳಲ್ಲಿ ಸತ್ತವರನ್ನು ಯಾರೂ ಸುಮ್ಮನೆ ಇರಲು ಬಿಡುವುದಿಲ್ಲ. ಆದರೆ ಬಣ್ಣದಣ್ಣನ ಮುಖ ಹೊತ್ತವನು ಊರಿಗೆ ಬೆಂಕಿ ಹಾಕುವುದನ್ನು ಬರೆಯಲು ನನ್ನಿಂದಾಗದು. ಬಾಗಿಲು ಮುಚ್ಚಿ ಬಾ ಅಂದೆ. ಕೂರಿಸಿ ಎಲ್ಲ ಹೇಳಿದೆ, ಆ ಹುಬ್ಬು ಯಾರದು, ಬರೆದ ಕೈ ಯಾರದು ಅಂತ. ಅವಳು ಎದ್ದು ಹೋಗಿ ಗೋಡೆಯ ಮೇಲಿದ್ದ ಆ ಹಾಳೆಯ ಮುಂದೆ ನಿಂತಳು. ಏಳನೇ ಗೆರೆಯನ್ನು ಬೆರಳಲ್ಲಿ ಮುಟ್ಟಿ, "ಯಾಕೆ ಮೇಡಂ ಮೊದಲೇ ಹೇಳಲಿಲ್ಲ?" ಅಂದಳು. ಕಣ್ಣು ತುಂಬಿತ್ತು.

ಖಳನ ಮಾತು ಅಲ್ಲಿಗೆ ಬಿಟ್ಟಳು. ಅವನ ಮುಖವನ್ನು ನಿನ್ನ ಹೊರತು ಇನ್ಯಾರೂ ಯಾವ ಕಥೆಗೂ ಬಳಸಬಾರದು ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿದ್ದಾಳೆ, ಅದರ ಒಂದು ಪ್ರತಿ ಇದರ ಜೊತೆಗಿದೆ. ಮೇ ಸಂಚಿಕೆಯಲ್ಲಿ ಒಂದೇ ಒಂದು ಪುಟ ಕೊಟ್ಟಿದ್ದಾಳೆ. ಅದರಲ್ಲಿ ಆಕಾಶ ಕೆಂಪಾಗುವುದಿಲ್ಲ, ಲೋಕ ಬಿರಿಯುವುದಿಲ್ಲ. ಗಡಿಯಾರದವನು ತೀರಿಕೊಂಡ, ಅವನ ಹೆಂಡತಿ ಮನೆಯಲ್ಲಿದ್ದಾಳೆ, ಅಷ್ಟೇ. ಆ ಪುಟವನ್ನು ನೀನು ಬರೆಯಬೇಕು ಅಂತ ನಾನು ಕೇಳುವುದಿಲ್ಲ. ಬರೆಯುತ್ತೇನೆ ಅಂದರೆ ನಿನ್ನದು. ಬೇಡ ಅಂದರೆ ಮುಖ ತೋರಿಸದೆ ಹೊಸ ಚಿತ್ರಗಾರ ಬರೆಯುತ್ತಾನೆ. ಒಂದು ಸಾಲು ಬರೆದು ಹಾಕು. ಅದಾದ ಮೇಲೆ ನಾನು ಗಾಳಿಗಿತ್ತಿಯನ್ನು ಬಿಡುತ್ತಿದ್ದೇನೆ. ತಾತನ ಕಣ್ಣು ಮಂಜಾಗುತ್ತಿದೆ, ಅವರ ಪಕ್ಕ ಕೂತು ಬೇರೆಯವರ ಮಾತಿಗೆ ಅಕ್ಷರ ಬರೆಯುವುದನ್ನು ಕಲಿಯುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನೀನು ಮೂಗು ಮುರಿಯುವುದು ಇಲ್ಲಿಗೇ ಕಾಣುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳು ಗೆರೆ ಸೊಟ್ಟ ಎಳೆದರೆ ಗದರಬೇಡ, ನೀನು ಎಳೆದದ್ದೂ ನನಗೆ ನೆನಪಿದೆ. ನಿನ್ನ ಕೈ ಯಾವತ್ತೂ ನಡುಗದಿರಲಿ, ನಿನ್ನ ಕಣ್ಣಿಗೆ ಬೆಳಕು ಕಡಿಮೆಯಾಗದಿರಲಿ, ನಿನ್ನ ಮನೆಯ ಬಾಗಿಲಿಗೆ ಒಳ್ಳೆಯವರೇ ಬರಲಿ. ಅಮ್ಮ ಇದ್ದಿದ್ದರೆ ಇಷ್ಟನ್ನೇ ಹೇಳುತ್ತಿದ್ದಳು. ಅವಳ ಪರವಾಗಿಯೂ ನಾನೇ ಹರಸುತ್ತಿದ್ದೇನೆ.

ನಿನ್ನ
ಅಕ್ಕ

ಮರೆತು ಬಿಟ್ಟದ್ದು, ಅಂತ ಬರೆಯಲು ಹೊರಟೆ. ಮರೆತದ್ದಲ್ಲ.

ಬಣ್ಣದಣ್ಣ ಹೋದ ದಿನ ಬೆಳಿಗ್ಗೆ ತಿಂಡಿ ಅರ್ಧಕ್ಕೇ ಬಿಟ್ಟ, ನಾನು ಗಮನಿಸಬೇಕಿತ್ತು ಅಂತ ನೀನು ಎಷ್ಟು ಸಲ ಅತ್ತಿದ್ದೀಯ. ಪ್ರತಿ ಸಲವೂ ತಲೆ ಸವರಿ "ನಿನ್ನ ತಪ್ಪೇನಿಲ್ಲ" ಅಂದಿದ್ದೇನೆ. ಅದು ನಿಜ. ಆದರೆ ಅಷ್ಟನ್ನೇ ಹೇಳಿ ಉಳಿದದ್ದನ್ನು ನುಂಗಿಕೊಂಡೆ. ಅವನು ಚೆನ್ನಾಗೇ ಇದ್ದ, ಪುಟಗಳನ್ನು ತೆಗೆದುಕೊಂಡು ಕೆಳಗೆ ಹೋಗುವಾಗ ಮೆಟ್ಟಿಲಲ್ಲಿ ಇದ್ದಕ್ಕಿದ್ದಂತೆ ಕುಸಿದ ಅಂತ ನಿನಗೆ ಹೇಳಿದವಳು ನಾನೇ. ಅವನು ಚೆನ್ನಾಗಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಎಡಗೈ ಒಂಥರಾ ಎಳೀತಿದೆ, ಒಂದ್ ಗಳಿಗೆ ಕೂತ್ಕೊಂಡು ಹೋಗ್ಲಾ?" ಅಂದ. ಅಚ್ಚಿನವರು ಕೆಳಗಿನಿಂದ ಎರಡು ಸಲ ಕೂಗಿದ್ದರು. ನಾನು ಬರೆಯುತ್ತಿದ್ದೆ. "ಮೊದ್ಲು ಕೆಳಗೆ ಕೊಟ್ಟು ಬಾ, ಆಮೇಲೆ ಎಷ್ಟ್ ಬೇಕಾದ್ರೂ ಕೂತ್ಕೋ" ಅಂದೆ.

ಆ ಕೋಣೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಇದು ಯಾರಿಗೂ ಗೊತ್ತಿಲ್ಲ. ಕೂರಿಸಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಏಳನೇ ಲೋಕವನ್ನು ನಿನಗೋಸ್ಕರ ಬರೆದೆ ಅಂತ ನೀನು ನಂಬಿದ್ದೆ, ನಾನೂ ಹಾಗೇ ಹೇಳಿಕೊಂಡು ಬಂದೆ.

"ಆಯ್ತಕ್ಕಾ" ಅಂದು ಪುಟಗಳನ್ನು ಎತ್ತಿಕೊಂಡ. ಬಾಗಿಲಲ್ಲಿ ನಿಂತು ಇನ್ನೊಂದು ಸಲ "ಅಕ್ಕಾ" ಅಂದ. ನಾನು ತಲೆಯೆತ್ತಲಿಲ್ಲ.